ಎರಡು ಕ್ಯಾನ್ ಗಿಣ್ಣಿನ ಹಾಲು

ಗಿಣ್ಣಿನ ಹೆಸರು ಕೇಳಿದರೆ ನನಗೆ ಮಾನ ಮರ್ಯಾದೆ ನೆನಪಿರುವುದಿಲ್ಲ. ಒಪ್ಪಿಕೊಂಡುಬಿಡುತ್ತೇನೆ.

ಹೋದ ಶನಿವಾರ ಅಕ್ಕ ತನ್ನ ಊರು ಕಳಲೆಯಿಂದ ಫೋನ್ ಮಾಡಿದಳು. "ಗೌರಿ ಕರ ಆಕ್ಯದೆ ಕಣೋ. ಗಿಣ್ಣ ಬೇಕಾದ್ರೆ ಬಾ."

ಗೌರಿ ಅವರ ಸೀಮೆಹಸು. ಇದು ಮೂರನೇ ಕರು. ಅಕ್ಕನ ಸಂಸಾರ ನಿಂತಿರುವುದೇ ಅವಳ ಹಾಲಿನ ಮೇಲೆ. ನಾನು ಟಿ. ನರಸೀಪುರದಿಂದ ಎರಡು ಕ್ಯಾನ್ ಹಿಡಿದು ಬಸ್ ಹತ್ತಿದೆ. (ಒಂದು ಮನೆಗೆ, ಒಂದು ಆಫೀಸಿಗೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆಗಲೇ ಡಂಗುರ ಸಾರಿಯಾಗಿತ್ತು!)

ಸಂಜೆ ಕರು ಕುಡಿದ ಮೇಲೆ ಭಾವ ಕರೆಯಲು ಕೂತರು. ಒಂದು ಕ್ಯಾನ್ ತುಂಬುತ್ತಲೇ ಎದ್ದರು. "ಸಾಕು ಬುಡು, ಕೆಚ್ಚಲಲ್ಲಿ ವಸಿ ಇರ್ಲಿ."

"ಇನ್ನೊಂದು ಕ್ಯಾನ್ ಐತಲ್ಲ ಭಾವ!"

ಮನೆಗೆ ಬಂದ ಭಾಮೈದ ಬಾಯಿಬಿಟ್ಟು ಕೇಳಿದ ಮೇಲೆ ಯಾವ ಭಾವ ತಾನೇ ಇಲ್ಲ ಎಂದಾರು? ಮತ್ತೆ ಕೂತರು. ಕೊನೆಯ ಹನಿಯವರೆಗೂ ಹಿಂಡಿದರು.

ಬೆಳಿಗ್ಗೆ ಅಡುಗೆಮನೆಯಲ್ಲಿ ಗಿಣ್ಣು ಬೇಯುತ್ತಿತ್ತು. ಬೆಲ್ಲ, ಏಲಕ್ಕಿಯ ಘಮ. ಅಷ್ಟರಲ್ಲಿ ಕೊಟ್ಟಿಗೆಯಿಂದ ಭಾವನ ಕೂಗು. ಗೌರಿ ಕತ್ತನ್ನು ಪಕ್ಕೆಗೆ ತಿರುಚಿಕೊಂಡು ಬಿದ್ದಿದ್ದಳು. ಎಬ್ಬಿಸಿದರೆ ಏಳಲಿಲ್ಲ. ಕಿವಿ ಮುಟ್ಟಿದೆ, ತಣ್ಣಗಿತ್ತು.

"ಯಾರ್ ಕಣ್ಣು ಬಿತ್ತೋ ಶಿವ್ನೇ!" ಎಂದು ಅಕ್ಕ ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ಭಾವ ಪಶುವೈದ್ಯರಿಗೆ ಫೋನ್ ಮಾಡಿದರು. ಪುಣ್ಯಕ್ಕೆ ಬೇಗ ಬಂದರು.

"ಹಾಲು ಜ್ವರ," ಎಂದರು ಡಾಕ್ಟ್ರು.

ಜ್ವರವೇ? ಮೈ ತಣ್ಣಗಿದೆಯಲ್ಲ?

"ಹೆಸರಿಗಷ್ಟೇ ಜ್ವರ ಕಣ್ರೀ. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹೋಗ್ತದೆ. ರಕ್ತದಲ್ಲಿ ಕಮ್ಮಿಯಾದ್ರೆ ಹಸು ಹಿಂಗೆ ಕುಸಿದುಬಿಡ್ತದೆ. ತಡ ಆದ್ರೆ ಉಳಿಯಲ್ಲ. ಪೂರ್ತಿ ಹಿಂಡಿದ್ರಾ?"

ಅಕ್ಕ, ಭಾವ ಇಬ್ಬರೂ ನನ್ನ ಕಡೆ ನೋಡಿದರು. ನಾನು ಕ್ಯಾನ್ ಕಡೆ ನೋಡಿದೆ.

ಡಾಕ್ಟ್ರು ಕತ್ತಿನ ನರಕ್ಕೆ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟಲಿಯನ್ನು ನನ್ನ ಕೈಗೇ ಕೊಟ್ಟರು. ಅದು ನಿಧಾನಕ್ಕೆ ಇಳಿಯಬೇಕು, ಅವಸರ ಮಾಡಿದರೆ ಹೃದಯಕ್ಕೆ ಅಪಾಯವಂತೆ. ಕೈ ಎತ್ತಿಕೊಂಡು ನಿಂತವನಿಗೆ ಅವ್ವ ನೆನಪಾದಳು.

ನಮ್ಮದು ಆಗ ನಾಟಿ ಹಸು. ಅದು ಕರು ಹಾಕಿದರೆ ಅವ್ವ ಮೂರು ದಿನ ಕರೆಯುತ್ತಿದ್ದದ್ದು ಒಂದೊಂದೇ ಚೊಂಬು. ಅಕ್ಕಪಕ್ಕದ ಮನೆಗೆ ಕೊಟ್ಟು, ಉಳಿದ ಗಿಣ್ಣನ್ನು ಮುತ್ತುಗದೆಲೆಯ ಮೇಲೆ ನಮಗೆ ಒಂದೊಂದು ತುಂಡು ಹಾಕುತ್ತಿದ್ದಳು. ಎಲೆ ನೆಕ್ಕಿ, "ಇನ್ನೊಸಿ ಕರೀಬಾರ್ದಾ ಅವ್ವ?" ಎಂದು ಗೋಗರೆಯುತ್ತಿದ್ದೆವು. "ಬಾಣಂತಿ ಒಡಲ ಬರಿದು ಮಾಡ್ಬಾರ್ದು ಕಣ್ಲಾ," ಎನ್ನುತ್ತಿದ್ದಳು. ಜಿಪುಣಿ ಎಂದು ನಾನು ಮುನಿಸಿಕೊಳ್ಳುತ್ತಿದ್ದೆ.

ಬಾಟಲಿ ಮುಗಿಯುವ ಹೊತ್ತಿಗೆ ಗೌರಿ ತೇಗಿದಳು. ಸಗಣಿ ಹಾಕಿದಳು. ಆಮೇಲೆ ತಡವರಿಸುತ್ತಾ ಎದ್ದು ನಿಂತಳು. ಅಕ್ಕ ಅವಳ ಕತ್ತು ತಬ್ಬಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಡಾಕ್ಟ್ರು ಕೈ ತೊಳೆಯುತ್ತಾ ಭಾವನಿಗೆ ಹೇಳಿದರು: "ಮೊದಲ ಮೂರು ದಿನ ಪೂರ್ತಿ ಹಿಂಡಬೇಡಿ. ಮುಂದಿನ ಸಲ ಗಬ್ಬದ ಕೊನೇ ತಿಂಗಳಲ್ಲೇ ನನ್ನ ಕೇಳಿ. ಮೇವೇನು, ಖನಿಜದ ಪುಡಿ ಎಷ್ಟು, ಹೇಳ್ತೀನಿ. ಗಬ್ಬದಲ್ಲಿ ನಿಮಗೆ ತೋಚಿದಂಗೆ ಕ್ಯಾಲ್ಸಿಯಂ ಕುಡಿಸಬೇಡಿ, ಅದೂ ಇದೇ ಕಾಯಿಲೆ ತರ್ತದೆ."

ಹೊರಡುವಾಗ ಅಕ್ಕ ಬಟ್ಟಲಲ್ಲಿ ಗಿಣ್ಣು ತಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ತುಂಡು ಬಾಯಿಗಿಟ್ಟೆ, ಬಟ್ಟಲನ್ನು ಅವಳ ಕೈಗೇ ವಾಪಸು ಕೊಟ್ಟೆ.

ಅವ್ವ ಎಲೆಗೆ ಹಾಕುತ್ತಿದ್ದ ಗಿಣ್ಣಿನ ರುಚಿಯನ್ನು ಇಷ್ಟು ವರ್ಷ ಜೋಪಾನ ಮಾಡಿದ ಈ ನಾಲಿಗೆಗೆ, ಅವಳು ಕೆಚ್ಚಲಲ್ಲಿ ಬಿಡುತ್ತಿದ್ದ ಹಾಲು ಯಾಕೆ ನೆನಪಾಗಲಿಲ್ಲ?