ಆ ಕಣ್ಣು ಯಾರದೆಂದು ನಾನು ಹೇಳಲಿಲ್ಲ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುಮಗಳ ಅಲಂಕಾರವೇ ಹೊಟ್ಟೆಪಾಡು. ಆದರೆ ಗಾಯ, ಸುಕ್ಕು, ರಾಕ್ಷಸರ ಮುಖ ಮಾಡುವ ಮೇಕಪ್ಪನ್ನೂ ಹೈದರಾಬಾದಿನಲ್ಲಿ ಮೂರು ವಾರ ಕಲಿತು ಬಂದಿದ್ದೆ. ಇಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಹಾಗಾಗಿ ಸುರಪುರದ ಮೇಷ್ಟ್ರೊಬ್ಬರು ಬಂದು, ಉತ್ತರ ಯುರೋಪಿನ ನಾರ್ಸ್ ಪುರಾಣವನ್ನು ನಾಟಕ ಮಾಡುತ್ತಿದ್ದೇವೆ, ದೇವರು ದೈತ್ಯರ ಮುಖಗಳನ್ನು ನೀವೇ ಮಾಡಿಕೊಡಬೇಕು ಎಂದಾಗ ಉಬ್ಬಿಹೋದೆ.

ಹಿಮದ ದೈತ್ಯರು ಸುಲಭವಾಗಿ ಬಂದರು. ಹತ್ತಿಯ ಎಳೆಗಳನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಕೆನ್ನೆಗೆ ಅಂಟಿಸಿ, ನೀಲಿ ಬಳಿದರೆ ಸಾಕಿತ್ತು. ನಾನು ಸೋತದ್ದು ದೇವತೆಗಳ ಹಿರಿಯನ ಮುಂದೆ. ಜ್ಞಾನದ ಬಾವಿಯ ನೀರು ಕುಡಿಯಲು ತನ್ನ ಒಂದು ಕಣ್ಣನ್ನೇ ಕಿತ್ತು ಕೊಟ್ಟವನು ಅವನು. ಆ ಕಣ್ಣಿನ ಜಾಗವನ್ನು ಮೂರು ಸಲ ಮಾಡಿದೆ. ಮೂರು ಸಲವೂ ಸುಟ್ಟ ಬದನೆಕಾಯಿ ಅಂಟಿಸಿದಂತಾಯಿತು.

ಪಾರ್ಲರಿನಲ್ಲಿ ಕಸ ಗುಡಿಸಿ ಟವೆಲ್ ಒಗೆಯುವ ಅಕ್ಕನಿಗೆ ಎಡಗಣ್ಣಿರಲಿಲ್ಲ. ಹೊಲದಲ್ಲಿ ಒಣಗಿದ ಹತ್ತಿ ಗಿಡದ ಕಟ್ಟಿಗೆ ಕೀಳುವಾಗ ಮುರಿದ ತುದಿ ಚುಚ್ಚಿ ಹೋಗಿದ್ದು. ಆ ಕಡೆಗೆ ಸದಾ ಸೆರಗು ಎಳೆದುಕೊಂಡಿರುತ್ತಿದ್ದಳು. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

"ಅಕ್ಕಾ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ," ಎಂದು ಶುರುಮಾಡಿ ಆ ದೇವರ ಕತೆಯನ್ನೂ ಅವನ ಕಣ್ಣು ನನಗೆ ಕೂಡಿಬಾರದ್ದನ್ನೂ ಹೇಳಿದೆ.

ಅವಳು ಟವೆಲ್ ಹಿಂಡುತ್ತ ಕೇಳಿದಳು. "ನಮ್ಮಲ್ಲೂ ಶಿವಗ ಕಣ್ಣ ಕೊಟ್ಟ ಬ್ಯಾಡರಂವ ಇದ್ದಾನಲ್ರಿ. ಅವಂಗ ಶಿವ ತಿರುಗಿ ಕೊಟ್ಟ. ಈತಗ?"

"ಈತಗ ಯಾರೂ ಕೊಡ್ಲಿಲ್ಲ."

"ಹಂಗಾದ್ರ ಈತ ನಮ್ಮಂವ ಬಿಡ್ರಿ," ಎಂದು ನಕ್ಕು, ಬಾಗಿಲು ಮುಂದೆ ಮಾಡಿ ಬಂದು ಕುರ್ಚಿಯಲ್ಲಿ ಕೂತಳು. ತಾನೇ ಸೆರಗು ಸರಿಸಿದಳು.

ರೆಪ್ಪೆ ಒಳಗೆ ಜಗ್ಗಿತ್ತು. ಹುಬ್ಬು ಒಂದಿಷ್ಟು ಕೆಳಗೆ ಜಾರಿತ್ತು. ಅದೇ ನನಗೆ ಹೊಳೆಯದೆ ಇದ್ದದ್ದು. ಬೆರಳಿಟ್ಟು ನೋಡಲೇ ಎಂದು ಕೇಳಿದೆ. "ನೋಡ್ರಿ, ನೋವಿಲ್ಲ. ಕಣ್ಣ ಇಲ್ಲಂದ್ರೂ ನೀರ ಮಾತ್ರ ಬರ್ತಾವ," ಎಂದಳು. ಮೂರು ದಿನ ಹಾಗೆ ಕೂತಳು. ನಾಲ್ಕನೆಯ ದಿನ ದೇವರ ಕಣ್ಣು ಸಿದ್ಧವಾಯಿತು.

ನಾಟಕ ಯಾದಗಿರಿಯಲ್ಲಿ. ಅಕ್ಕ ಮೇಕಪ್ ಪೆಟ್ಟಿಗೆ ಹಿಡಿದು ಜೊತೆಗೆ ಬಂದಳು. ಆ ಹಿರಿಯ ದೇವರ ಪಾತ್ರದ ನಟ ತಲೆಯೆತ್ತಿ ಬೆಳಕಿಗೆ ಮುಖ ಕೊಟ್ಟಾಗ ಮುಂದಿನ ಸಾಲಿನಲ್ಲಿ ಯಾರೋ "ಅಯ್ಯಯ್ಯ" ಎಂದರು. ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಮೈಕಿನಲ್ಲೇ ಕೇಳಿದರು: "ಆ ಕಣ್ಣು ಎಷ್ಟು ಸಹಜವಾಗಿದೆಯಲ್ಲ, ಎಲ್ಲಿ ನೋಡಿ ಮಾಡಿದಿರಿ?"

ಪರದೆಯ ಪಕ್ಕದಲ್ಲಿ ಅಕ್ಕ ನಿಂತಿದ್ದಳು. ನನಗೆ ಕಾಣುತ್ತಿದ್ದಳು. "ಎಲ್ಲೂ ನೋಡಿಲ್ರಿ. ಓದಿ, ಕಲ್ಪನೆ ಮಾಡ್ಕೊಂಡ ಮಾಡೇನಿ," ಎಂದೆ. ಜನ ಚಪ್ಪಾಳೆ ಹೊಡೆದರು.

ಯಾಕೆ ಹಾಗೆಂದೆ? ಕಸ ಗುಡಿಸುವವಳ ಮುಖ ನೋಡಿ ಮಾಡಿದೆ ಎಂದರೆ ನನ್ನ ಕಲೆ ಸಣ್ಣದಾಗುತ್ತದೆ ಅನ್ನಿಸಿತ್ತು. ಬೇರೆ ಕಾರಣವೇನೂ ಇರಲಿಲ್ಲ.

ಮರಳುವ ಬಸ್ಸಿನಲ್ಲಿ ಅವಳ ಮುಖ ನೋಡಲಾಗದೆ ಕಿಟಕಿಗೆ ಒರಗಿದ್ದೆ. ಅವಳೇ ನನ್ನ ಕೈ ಹಿಡಿದಳು. "ಚಲೋ ಮಾಡಿದ್ರಿ ಮೇಡಂ. ಅಷ್ಟ ಮಂದ್ಯಾಗ ನನ್ನ ಹೆಸರ ತಗದಿದ್ರ ಎಲ್ಲಾರೂ ತಿರುಗಿ ನನ್ನ ಮಾರಿ ನೋಡ್ತಿದ್ರು. ನನ್ನ ಮರ್ಯಾದಿ ಉಳಸಿದ್ರಿ."

"ಇರ್ಲಿ ಬಿಡಕ್ಕಾ," ಎಂದೆ. ವೇದಿಕೆಯ ಮೇಲಿನ ಸುಳ್ಳಿಗಿಂತ ನಾನಾಡಿದ ಈ ಎರಡು ಮಾತು ನನ್ನನ್ನು ಹೆಚ್ಚು ಸುಟ್ಟವು.

ಅಂದಿನಿಂದ ಅವಳು ನನ್ನನ್ನು ಬಂದವರ ಮುಂದೆಲ್ಲ ಹೊಗಳತೊಡಗಿದಳು. "ನಮ್ಮ ಮೇಡಂ ಭಾಳ ದೊಡ್ಡ ಮನಸಿನಾಕಿ," ಎನ್ನುತ್ತಿದ್ದಳು. ಎರಡು ತಿಂಗಳು ಸಹಿಸಿದೆ. ಒಂದು ಮಧ್ಯಾಹ್ನ ಪಾರ್ಲರ್ ಖಾಲಿ ಇದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಮರ್ಯಾದೆಗಲ್ಲ, ನನ್ನ ಹೆಸರಿಗಾಗಿ ಮುಚ್ಚಿಟ್ಟೆ ಎಂದೆ.

ಅವಳು ಕೈಯಲ್ಲಿದ್ದ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

"ಇದನ್ನ ಯಾಕ ಹೇಳಿದ್ರಿ?" ಎಂದಳು. "ನಾ ಆರಾಮ ಇದ್ದೆ."

ಕೆಲಸ ಬಿಡಲಿಲ್ಲ. ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾಳೆ, ಚಹಾ ಕೊಟ್ಟರೆ ಕುಡಿಯುತ್ತಾಳೆ. ಬಂದವರ ಮುಂದೆ ನನ್ನ ಮಾತು ಎತ್ತುವುದಿಲ್ಲ. ಮೊನ್ನೆ ಮೇಷ್ಟ್ರು ಫೋನ್ ಮಾಡಿ, ರಂಗಂಪೇಟೆಯಲ್ಲಿ ಅದೇ ನಾಟಕದ ಪ್ರಯೋಗವಿದೆ ಎಂದರು. ನೀನೂ ಬಾ, ಈ ಸಲ ನಿನ್ನ ಹೆಸರು ಹೇಳಿಸುತ್ತೇನೆ ಎಂದು ಅಕ್ಕನನ್ನು ಕರೆದೆ.

"ಬ್ಯಾಡ್ರಿ. ನೀವ ಹೋಗಿಬರ್ರಿ," ಎಂದು ಒದ್ದೆ ಟವೆಲ್ಲುಗಳ ಬಕೆಟ್ ಎತ್ತಿಕೊಂಡು ಒಣಹಾಕಲು ಮಾಳಿಗೆಗೆ ಹೋದಳು.