ವಾರ್ಸಿನಿಗೆ ಕಾಣದೆ ಹೋದ ಅರ್ಧ

ವಾರ್ಸಿನಿ ಕೈಯಿಟ್ಟ ಮದುಮಗಳನ್ನು ಹೆತ್ತ ತಾಯಿಯೇ ಗುರುತು ಹಿಡಿಯಳು ಎನ್ನುವ ಮಾತು ಕ್ಲಾತೆನ್ ಪಟ್ಟಣದ ಸುತ್ತಮುತ್ತಲ ಊರುಗಳಲ್ಲಿತ್ತು. ಅದು ದೊಡ್ಡ ಹೊಗಳಿಕೆ. ಮದುವೆಯ ದಿನ ಹುಡುಗಿ ಮನೆಯ ಹುಡುಗಿಯಂತೆ ಕಾಣಬಾರದು. ಬೇರೆ ಯಾರೋ ಎಲ್ಲಿಂದಲೋ ಇಳಿದುಬಂದು ಕೂತ ಹಾಗಿರಬೇಕು.

ಹಣೆಯಂಚಿನ ಕೂದಲನ್ನು ನವಿರಾಗಿ ಹೆರೆದು, ಮಸಿಯೂ ಮೇಣವೂ ಬೆರೆತ ಕಪ್ಪಿನಿಂದ ಹಣೆಗೆ ಎಸಳು ಬಿಡಿಸುವುದು ಅವಳ ಅಜ್ಜಿಯ ಕಾಲದಿಂದ ಬಂದ ಕೆಲಸ. ನಡುವೆ ದೊಡ್ಡ ಎಸಳು, ಅಕ್ಕಪಕ್ಕ ಚಿಕ್ಕವು. ಎಡಬಲ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಂಸಾರ ಒಂದು ಕಡೆಗೆ ವಾಲುತ್ತದೆ ಎಂದು ನಂಬಿಕೆ. ಅದಕ್ಕೇ ಪ್ರತಿ ಮದುವೆಗೂ ಮುಂಚೆ ಮೂರು ದಿನ ಬರೀ ಬಿಳಿ ಅನ್ನ, ನೀರು. ಮದುವೆಯ ದಿನ ಅದೂ ಇಲ್ಲ. ಒಡಲು ಬರಿದಾಗಿದ್ದರೆ ಕೈಯೊಳಗೆ ಬೇರೆಯವರು ಬಂದು ಕೂರುತ್ತಾರೆ ಎಂದು ತಾಯಿ ಹೇಳುತ್ತಿದ್ದಳು. ಯಾರು ಬಂದು ಕೂರುತ್ತಾರೆ ಎಂದು ವಾರ್ಸಿನಿ ಕೇಳಿರಲಿಲ್ಲ.

ಅದು ಮೊದಲ ಸಲ ಆದದ್ದು ಪಾಂಗೆಸ್ತಿ ಎಂಬ ಹುಡುಗಿಯ ಮದುವೆಯಲ್ಲಿ. ಬೆಸಾರ್ ಎಂಬ ಮದುವೆಗಳ ತಿಂಗಳು, ಒಂದರ ಬೆನ್ನಿಗೆ ಒಂದು ಮದುವೆ. ವಾರ್ಸಿನಿ ಸರಿಯಾಗಿ ಉಂಡು ಮಲಗಿ ಎಷ್ಟೋ ದಿನವಾಗಿತ್ತು. ಕಿಟಕಿಯ ಎಳೆಬಿಸಿಲು ಹುಡುಗಿಯ ಕೆನ್ನೆಗೆ ಬಿದ್ದಿತ್ತು. ಒಂದು ಬದಿಯ ಎಸಳು ಮುಗಿಸಿ, ಕುಂಚವನ್ನು ಕಪ್ಪಿಗೆ ಅದ್ದಿ ಇನ್ನೊಂದು ಬದಿಗೆ ತಿರುಗಿದರೆ ಆ ಬದಿ ಇರಲೇ ಇಲ್ಲ.

ಕತ್ತಲೆ ಕವಿದಿರಲಿಲ್ಲ, ಮಂಜು ಮುಸುಕಿರಲಿಲ್ಲ. ಮೂಗಿನವರೆಗೆ ಹುಡುಗಿ ಇದ್ದಳು. ಅಲ್ಲಿಂದಾಚೆಗೆ ಹಿಂದಿನ ಬಿದಿರುತಟ್ಟಿಯ ಗೋಡೆಯೇ ಮುಂದುವರಿದಿತ್ತು, ಅಲ್ಲಿ ಯಾವತ್ತೂ ಏನೂ ಇರಲಿಲ್ಲ ಎನ್ನುವ ಹಾಗೆ. ಒಂದೇ ಕಣ್ಣು ವಾರ್ಸಿನಿಯನ್ನು ನೋಡುತ್ತಿತ್ತು. ಅರ್ಧ ಬಾಯಿ ನಕ್ಕಿತು.

"ಯಾಕಮ್ಮ, ನಿಲ್ಲಿಸ್ಬಿಟ್ರಿ?" ಎಂದಿತು ಆ ಅರ್ಧ ಬಾಯಿ.

"ಏನಿಲ್ಲ ಮಗಾ. ಅಲ್ಲಾಡ್ಬೇಡ."

ಆ ಇಲ್ಲದ ಜಾಗದ ಅಂಚಿನಲ್ಲಿ ಏನೋ ಮಿನುಗತೊಡಗಿತು. ಗರಗಸದ ಹಲ್ಲಿನಂಥ ಗೆರೆ, ಸುಡುಬಿಸಿಲಿನ ತಗಡಿನ ಸೂರಿನಂತೆ ನಡುಗುತ್ತ, ಮೆಲ್ಲಗೆ ಬಾಗಿ ಬೆಳೆಯುತ್ತ ಬಂತು. ಕಣ್ಣು ಮುಚ್ಚಿದಳು. ರೆಪ್ಪೆಯೊಳಗೂ ಅದೇ ಇತ್ತು. ಹೊರಗೆ ಮದುಮಗನ ದಿಬ್ಬಣದ ಸದ್ದು ಹತ್ತಿರವಾಗುತ್ತಿತ್ತು. ಎಡಗೈ ಹೆಬ್ಬೆರಳನ್ನು ಹುಡುಗಿಯ ಕಾಣದ ಹುಬ್ಬಿಗೆ ಒತ್ತಿ, ಹುಬ್ಬು ಇದೆ, ಬೆಚ್ಚಗಿದೆ ಎಂದು ಗಟ್ಟಿ ಮಾಡಿಕೊಂಡು, ಬೆರಳಿನ ಅಂದಾಜಿನಲ್ಲೇ ಉಳಿದ ಎಸಳುಗಳನ್ನು ಬಿಡಿಸಿದಳು.

ಹುಡುಗಿ ಈಚೆ ಬಂದಾಗ ಅವಳ ಅಜ್ಜಿ "ಇದ್ಯಾರಪ್ಪ ಇವಳು!" ಎಂದು ಕಣ್ಣೀರು ಹಾಕಿದಳಂತೆ. ವಾರ್ಸಿನಿಗೆ ಅದು ಕೇಳಿಸಲಿಲ್ಲ. ಅವಳು ಆಗಲೇ ಹಿತ್ತಲಿನ ಬಾಳೆಯ ಬುಡದಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಬಲಗಣ್ಣಿನ ಹಿಂದೆ ಯಾರೋ ಗೂಟ ಜಡಿಯುತ್ತಿದ್ದರು. ಮಲ್ಲಿಗೆಯ ವಾಸನೆ ಚಾಕುವಿನಂತೆ ಚುಚ್ಚುತ್ತಿತ್ತು.

ಗಂಡ ಮುಜಿಯೋ ಮದುವೆಗಳಿಗೆ ಚಪ್ಪರ, ಕುರ್ಚಿ ಬಾಡಿಗೆಗೆ ಕೊಡುವವನು. ಕುರ್ಚಿಗಳ ನಡುವೆಯೇ ಹೆಂಡತಿಯನ್ನೂ ಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದ. ಗಾಳಿ ಹೊಕ್ಕಿದೆ ಎಂದು ಪಕ್ಕದ ಮನೆಯವಳು ಬೆನ್ನಿಗೆ ಎಣ್ಣೆ ಹಚ್ಚಿ, ನಾಣ್ಯದಿಂದ ಗೀರಿ ಗೀರಿ ಕೆಂಪು ಬರೆ ಎಬ್ಬಿಸಿದಳು.

"ನಿನ್ನ ಬೆನ್ನು ಹಿಂಗೇ ಇದ್ರೆ ಹುಲಿ ಬಂದು ಸಂಬಂಧ ಕೇಳುತ್ತೆ ಕಣೇ," ಎಂದ ಮುಜಿಯೋ.

ನಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಎರಡು ದಿನ ಕಿಟಕಿಗೆ ಚಾಪೆ ಕಟ್ಟಿ ಮಲಗಿದಳು. ಮಲಗಿದಲ್ಲೇ ತಾಯಿಯ ನೆನಪಾಯಿತು. ಅವಳೂ ಕೆಲವು ಮದುವೆಗಳಾದ ಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಕೋಣೆ ಸೇರುತ್ತಿದ್ದಳು. "ನೆಂಟರು ಬಂದವ್ರೆ, ಬಾಗ್ಲು ಹಾಕು" ಎನ್ನುತ್ತಿದ್ದಳು. ಚಿಕ್ಕವಳಾಗಿದ್ದ ವಾರ್ಸಿನಿ ಬಾಗಿಲಿಗೆ ಕಿವಿಯಿಟ್ಟು ಆಲಿಸಿದ್ದಳು. ಒಳಗೆ ತಾಯಿ ಯಾರಿಗೋ ಮೆಲ್ಲಗೆ, ಸಾಕು ಹೋಗಿ, ಸಾಕು ಹೋಗಿ ಎನ್ನುತ್ತಿದ್ದಳು.

ಆಮೇಲೆ ಅದು ಮತ್ತೆ ಮತ್ತೆ ಬಂತು. ಕೆಲವೊಮ್ಮೆ ಅಂಗಡಿಯವಳ ಅರ್ಧ ಮುಖ ಹೋಗುತ್ತಿತ್ತು, ಕೆಲವೊಮ್ಮೆ ತಟ್ಟೆಯ ಅರ್ಧ ಅನ್ನ. ಅಂಗಡಿಯಲ್ಲಿ ಸಿಗುವ ತಲೆನೋವಿನ ಪುಡಿಯನ್ನು ದಿನಾ ನೆಕ್ಕುವುದು ರೂಢಿಯಾಯಿತು. ಯಾರಿಗೂ ಹೇಳಲಿಲ್ಲ. ಮದುಮಗಳ ಮುಖ ಕಾಣದವಳಿಗೆ ಮಗಳ ಹಣೆಯನ್ನು ಯಾರು ಒಪ್ಪಿಸುತ್ತಾರೆ?

ಗುಟ್ಟು ರಟ್ಟಾದದ್ದು ತ್ರಿಯೊನೊ ಎಂಬ ಹುಡುಗನ ಮದುವೆಯಲ್ಲಿ. ಮದುಮಗ ಶಾಸ್ತ್ರಕ್ಕೆ ಕಾಲಿನಿಂದ ಮೊಟ್ಟೆ ಒಡೆಯುವ ಹೊತ್ತು, ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಮದುಮಗಳ ಉಡುಗೆಯ ಅಂಚು ಸರಿಮಾಡಿ ತಲೆಯೆತ್ತಿದರೆ, ಹುಡುಗನಿಗೆ ಭುಜದ ಮೇಲೆ ಏನೂ ಇರಲಿಲ್ಲ. ಜರಿಯ ಕೊರಳಪಟ್ಟಿ, ಅದರ ಮೇಲೆ ಹಿಂದೆ ನಿಂತವರ ಬಟ್ಟೆಯ ಬಣ್ಣ.

"ಅಯ್ಯೋ, ಹುಡುಗನ ತಲೆ ಎಲ್ಲಿ?" ಎಂದು ಅವಳ ಬಾಯಿಂದ ಬಂದೇಬಿಟ್ಟಿತು.

ಪಕ್ಕದ ಹೆಂಗಸರು ನಕ್ಕರು. ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ವಾರ ತುಂಬುವ ಮೊದಲೇ ತ್ರಿಯೊನೊ ಬೈಕಿನಲ್ಲಿ ಹೋಗುತ್ತ ಕಬ್ಬಿನ ಲಾರಿಯ ಅಡಿ ಸಿಕ್ಕಿ ಸತ್ತ.

ಅವಳಿಗೆ ಪೂರ್ತಿ ಕಾಣದವರು ಸಾಯುತ್ತಾರೆ ಎಂಬ ಮಾತು ಹಬ್ಬಿ, ಅಂದಿನಿಂದ ಊರು ಅವಳನ್ನು ನೋಡುವ ರೀತಿ ಬದಲಾಯಿತು. ಸರಿಯಾಗಿ ಹೇಳಬೇಕೆಂದರೆ, ಊರು ಅವಳಿಗೆ ಕಾಣಿಸಿಕೊಳ್ಳುವುದನ್ನೇ ಬಿಟ್ಟಿತು. ಎದುರು ಬಂದ ಹೆಂಗಸರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಶಾಲೆಯ ಮಕ್ಕಳು ಅವಳನ್ನು ಕಂಡರೆ ಚೀಲದಿಂದ ಮುಖ ಮುಚ್ಚಿಕೊಂಡು ಓಡುತ್ತಿದ್ದರು. ಸಂತೆಯಲ್ಲಿ ತೆಂಪೆ ಎಂಬ ಸೋಯಾ ಬಿಲ್ಲೆ ಮಾರುವವಳು ಕತ್ತು ಅತ್ತ ತಿರುಗಿಸಿಕೊಂಡೇ ಪೊಟ್ಟಣ ಚಾಚಿದಳು. ಬಿಸಿಲಿರುವ ಹಗಲಲ್ಲೇ ಮುಖಗಳಿಲ್ಲದ ಬೀದಿಯಲ್ಲಿ ವಾರ್ಸಿನಿ ಒಬ್ಬಳೇ ನಡೆದು ಮನೆಗೆ ಬರುತ್ತಿದ್ದಳು. ಕುತ್ತಿಗೆಯ ಹಿಂದೆ ಮಾತ್ರ ಎಲ್ಲರ ಕಣ್ಣು.

ಒಪ್ಪಿಸಿದ್ದ ಮದುವೆಗಳು ಕೈಬಿಟ್ಟುಹೋದವು. ಬದಲಿಗೆ ಬೇರೆ ತರಹದವರು ಬರತೊಡಗಿದರು. ಪಕ್ಕದೂರಿನ ಸಲಿಯೆಮ್ ಎಂಬವಳು ಮಗಳ ಕೈ ಹಿಡಿದುಕೊಂಡು, ಬಾಳೆಗೊನೆ ಹೊತ್ತು ಬಂದಳು. ಹುಡುಗಿಯ ಹೆಸರು ರಾತ್ರಿ.

"ಇವಳ ಮದ್ವೆಗೆ ಬರ್ಬೇಕಾ?" ಎಂದಳು ವಾರ್ಸಿನಿ ಆಸೆಯಿಂದ.

"ಮದ್ವೆ ಇನ್ನೂ ದೂರ ಅಮ್ಮ. ಈಗ ಹಣೆಗೇನೂ ಬೇಡ. ಸುಮ್ನೆ ಒಂದ್ಸಲ ನೋಡಿ ಹೇಳಿ." ಸಲಿಯೆಮ್‌ಳ ದನಿ ಇಳಿಯಿತು. "ಪೂರ್ತಿ ಕಾಣ್ತಾಳಾ?"

ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಗಂಟಲಿನ ನರ ಪಟಪಟ ಬಡಿಯುತ್ತಿತ್ತು.

"ಕಾಣ್ತಾಳೆ. ಹೋಗಿ. ಗೊನೆ ತಗೊಂಡ್ಹೋಗಿ."

ಸಲಿಯೆಮ್ ಗೊನೆ ಇಟ್ಟೇ ಹೋದಳು. ಮಾರನೆಯ ದಿನ ಇನ್ನಿಬ್ಬರು ಬಂದರು. ಊರಿನ ಮಂತ್ರಗಾರ ಸುರೋ ಅಜ್ಜ ಬಂದು, ನಿನ್ನ ತಾಯಿಯ ನೆಂಟರೇ ನಿನ್ನ ಬೆನ್ನು ಹತ್ತಿದ್ದಾರೆ, ಬಿಡಿಸಿದರೆ ನಿನ್ನ ಕೈಯ ಕಸುಬೂ ಹೋಗುತ್ತದೆ, ಎಂದು ಹೇಳಿ ಊದಿದ ನೀರು ಕೊಟ್ಟ. ಅವಳು ಕುಡಿದಳು. ನೋವು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ತಲೆ ಬಾಚಲು ಕನ್ನಡಿಯ ಮುಂದೆ ಕೂತಳು. ಬಾಚಣಿಗೆ ಎತ್ತಿದ ಕೈ ಕನ್ನಡಿಯಲ್ಲಿ ಕಾಣಲಿಲ್ಲ. ಆಮೇಲೆ ಕಿವಿ, ಕೆನ್ನೆ, ಒಂದು ಕಣ್ಣು. ಉಳಿದ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು, ಇನ್ನೊಬ್ಬರನ್ನು ನೋಡುವ ಹಾಗೆ. ಅವಳು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು, ಕುಂಚಗಳನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಕಟ್ಟಿ, ಗಂಡನ ಮುಂದೆ ತಂದಿಟ್ಟಳು.

"ಇವನ್ನ ನನ್ನ ತಂಗಿ ಮಗಳಿಗೆ ಕೊಟ್ಬಿಡಿ."

"ಯಾಕೆ? ನೀನೆಲ್ಲಿಗೆ ಹೊರಟೆ?"

"ನಾನೇ ಅರ್ಧ ಆಗ್ಬಿಟ್ಟೆ ಕಣ್ರೀ. ಕನ್ನಡೀಲಿ ನೋಡ್ದೆ."

ಮುಜಿಯೋಗೆ ಅವತ್ತು ತಮಾಷೆ ಹೊಳೆಯಲಿಲ್ಲ. ಅವಳ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದ. "ಎರಡೂ ಕಡೆ ಇದೆ ಮಾರಾಯ್ತಿ. ಏಳು, ಬಟ್ಟೆ ಬದಲಾಯ್ಸು," ಎನ್ನುವಷ್ಟರಲ್ಲಿ ಅವನ ದನಿ ಒಡೆಯಿತು. "ಏನ್ ಮಾತಾಡ್ತಿದೀನಿ ನಾನು. ಕೊಡೆ ತಗೋ, ನಡಿ ಡಾಕ್ಟ್ರ ಹತ್ರ."

ಊರಿನ ಆರೋಗ್ಯ ಕೇಂದ್ರದ ಹೊಸ ಡಾಕ್ಟರು ಅವಳ ಮಾತನ್ನು ಅರ್ಧಕ್ಕೆ ನಿಲ್ಲಿಸದೆ ಕೇಳಿದರು. ತಲೆಯೊಳಗೆ ಗೆಡ್ಡೆ ಏನಾದರೂ ಇದೆಯೋ ನೋಡಿಸಬೇಕು ಎಂದು ಸೋಲೋ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅವಳನ್ನು ಬಿಳಿ ಕೊಳವೆಯೊಂದರ ಒಳಕ್ಕೆ ದೂಡಿದರು. ಒಳಗೆ ಮಲಗಿ ಅವಳು ಸತ್ತವರನ್ನೆಲ್ಲ ಹೆಸರು ಹಿಡಿದು ಬೇಡಿಕೊಂಡಳು. ಈಚೆ ಬಂದಾಗ ಗೆಡ್ಡೆ ಇರಲಿಲ್ಲ. ಅದು ಸಮಾಧಾನ ಕೊಡಲಿಲ್ಲ. ಗೆಡ್ಡೆಯಲ್ಲದಿದ್ದರೆ ಅದು ನೆಂಟರೇ ಅಲ್ಲವೇ?

ನರರೋಗದ ಡಾಕ್ಟರು ಹೆಂಗಸು, ಹೆಸರು ನಿಂಗ್‌ಸಿಹ್, ವಯಸ್ಸಾದವರು. ಅವರ ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಇತ್ತು. ಎಲ್ಲ ಕೇಳಿಸಿಕೊಂಡು ಒಂದು ಹಾಳೆ, ಪೆನ್ನು ಮುಂದಿಟ್ಟರು.

"ಆ ಹೊಳೆಯೋ ಗೆರೆ ಹೆಂಗಿರುತ್ತೆ? ಬರ್ದು ತೋರ್ಸಿ."

ವಾರ್ಸಿನಿ ಬರೆಯತೊಡಗಿದಳು. ಹಲ್ಲುಹಲ್ಲಿನ ಗೆರೆ, ಕುಡುಗೋಲಿನ ಹಾಗೆ ಬಾಗುತ್ತ. ಅರ್ಧಕ್ಕೆ ಬರುವಷ್ಟರಲ್ಲಿ ಡಾಕ್ಟರು ಮೆಲ್ಲಗೆ ಪೆನ್ನು ಇಸಿದುಕೊಂಡು ಉಳಿದರ್ಧವನ್ನು ತಾವೇ ಬರೆದರು. ಹೊರಬದಿಯಲ್ಲಿ ಹಲ್ಲು ದೊಡ್ಡದಾಗುತ್ತ ಹೋಯಿತು, ಒಳಬದಿ ಬರಿದಾಗಿ ಉಳಿಯಿತು. ಕಂಡದ್ದು ಕಂಡ ಹಾಗೆ.

ತನ್ನ ರೆಪ್ಪೆಯೊಳಗಿನದು ಇವರಿಗೆ ಹೇಗೆ ಗೊತ್ತು? ವಾರ್ಸಿನಿ ಕುರ್ಚಿಯಿಂದ ಅರ್ಧ ಎದ್ದು ಗಂಡನ ತೋಳು ಹಿಡಿದಳು.

"ಕೂತ್ಕೊಳ್ಳಿ ಅಮ್ಮ," ಎಂದರು ಡಾಕ್ಟರು. "ನಂಗೂ ಕಾಣುತ್ತೆ. ಹುಡುಗಿಯಾಗಿದ್ದಾಗಿಂದ. ನಮ್ಮಪ್ಪಂಗೂ ಕಾಣ್ತಿತ್ತು. ಇದಕ್ಕೆ ಮೈಗ್ರೇನ್ ಅಂತಾರೆ. ನೋಡೋ ಕೆಲಸ ಮಾಡೋದು ಕಣ್ಣಷ್ಟೇ ಅಲ್ಲ, ತಲೆಯ ಹಿಂಬದಿಯ ಮೆದುಳೂ ಮಾಡುತ್ತೆ. ಅದರಲ್ಲಿ ಒಂದು ಭಾಗ ಸ್ವಲ್ಪ ಹೊತ್ತು ಮಂಕಾಗುತ್ತೆ. ಎದುರಿಗಿರೋರು ಪೂರ್ತಿನೇ ಇರ್ತಾರೆ."

"ಹಾಗಾದ್ರೆ ಆ ಹುಡುಗ ಸತ್ತಿದ್ದು?"

"ಲಾರಿಗೆ ಸಿಕ್ಕಿ ಸತ್ತ. ನಿಮಗೆ ಅರ್ಧ ಕಂಡ ಮೊದಲ್ನೇ ಹುಡುಗಿ ಏನಾದ್ಲು?"

"ಪಾಂಗೆಸ್ತಿನಾ? ಅವ್ಳಿಗೆ ಅವಳಿ ಮಕ್ಕಳು."

"ಅಂಗಡಿಯವಳು?"

ಉತ್ತರ ಕೊಟ್ಟವನು ಮುಜಿಯೋ. "ಅವ್ಳಾ? ಅವ್ಳು ನಮ್ಮನ್ನೆಲ್ಲ ಹೂತೇ ಹೋಗೋದು ಡಾಕ್ಟ್ರೇ."

ಡಾಕ್ಟರು ನಕ್ಕರು. ಅರ್ಧ ಕಂಡೂ ಬದುಕಿರುವವರ ಲೆಕ್ಕ ಊರಿನವರು ಇಡಲಿಲ್ಲ, ನೀವೂ ಇಡಲಿಲ್ಲ ಎಂದರು. ಆಮೇಲೆ ಊಟ ನಿದ್ದೆಯ ವಿಚಾರ ಬಂತು. ಉಪವಾಸದ ಮಾತು ಕೇಳಿ ಅವರ ಮುಖ ಗಂಭೀರವಾಯಿತು. ಇಂಥ ತಲೆಗೆ ಹಸಿವು, ನಿದ್ದೆಗೆಡುವುದು ಬೆಂಕಿ ಇಟ್ಟ ಹಾಗೆ. ದಿನಾ ನೆಕ್ಕುವ ಪುಡಿ ಅದಕ್ಕೆ ಸುರಿದ ಎಣ್ಣೆ. ಪೂರ್ತಿ ವಾಸಿ ಮಾಡುತ್ತೇನೆ ಎನ್ನಲಿಲ್ಲ. ದಿನಾ ನುಂಗಲು ಒಂದು ಮಾತ್ರೆ, ಗೆರೆ ಹೊಳೆಯತೊಡಗಿದಾಗ ನುಂಗಲು ಇನ್ನೊಂದು ಮಾತ್ರೆ ಬರೆದುಕೊಟ್ಟರು.

"ಉಪವಾಸ ಬಿಟ್ರೆ ಮುಖ ಅರಳಲ್ಲ ಡಾಕ್ಟ್ರೇ. ನಮ್ಮಮ್ಮ..."

"ನಿಮ್ಮಮ್ಮಂಗೂ ಯಾರಾದ್ರೂ ಊಟ ಮಾಡು ಅಂತ ಹೇಳ್ಬೇಕಿತ್ತು."

ಬಸ್ಸಿನಲ್ಲಿ ಊರು ಸೇರುವವರೆಗೂ ವಾರ್ಸಿನಿ ಅತ್ತಳು. ತಾಯಿ ಕತ್ತಲೆಯಲ್ಲಿ, ಹೋಗಿ ಹೋಗಿ ಎಂದು ಬೇಡುತ್ತಿದ್ದದ್ದು ಯಾರನ್ನೂ ಅಲ್ಲ, ನೋವನ್ನು. ಬಾಗಿಲ ಹೊರಗೆ ತಾನು ಹೆದರಿ ನಿಂತಿದ್ದಳು. ಒಳಗೆ ಹೋಗಿ ಒಂದು ತುತ್ತು ತಿನ್ನಿಸಬಹುದಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಸಲಿಯೆಮ್ ಮತ್ತೆ ಬಂದಳು. ಈ ಸಲ ಮದುವೆಗೇ. ಮಗಳು ಪೂರ್ತಿ ಕಾಣ್ತಾಳೆ ಅಂದಿರಲ್ಲ, ನೀವೇ ಹಣೆ ಬರೀಬೇಕು ಎಂದಳು. ಮದುವೆಯ ಬೆಳಿಗ್ಗೆ ವಾರ್ಸಿನಿ ಅವರ ಅಡುಗೆಮನೆಯ ಹಿಂದೆ, ಯಾರೂ ಕಾಣದ ಕಡೆ ಕೂತು ಅನ್ನ, ಮೊಟ್ಟೆ ತಿಂದಳು. ಕದ್ದು ತಿನ್ನುವವಳಂತೆ ಬೇಗ ಬೇಗ ನುಂಗಿದಳು. ಕುಂಚ ಹಿಡಿದಾಗ ಕೈಯೊಳಗೆ ಯಾರೂ ಬಂದು ಕೂರಲಿಲ್ಲ. ಅದು ಬರೀ ಅವಳ ಕೈ, ಹೊಟ್ಟೆ ತುಂಬಿದ ಹೆಂಗಸಿನ ಕೈ. ಅವಳಿಗೆ ಅದೇ ಭಯ. ಎಸಳುಗಳು ಮೂಡಿದವು. ಹುಡುಗಿ ಈಚೆ ಬಂದಾಗ ಜನ ಎದ್ದು ನಿಂತು ನೋಡಿದರು. ಮುಖ ಮುಂಚಿನಷ್ಟೇ ಅರಳಿತ್ತೋ ಇಲ್ಲವೋ ವಾರ್ಸಿನಿಗೆ ಕೊನೆಗೂ ಗೊತ್ತಾಗಲಿಲ್ಲ. ಸಲಿಯೆಮ್ ಮಾತ್ರ ಮಗಳ ಕೆನ್ನೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಕೆಲಸ ಮೆಲ್ಲಗೆ ಮರಳಿತು. ಎಲ್ಲರೂ ಮರಳಲಿಲ್ಲ. ತ್ರಿಯೊನೊನ ತಾಯಿ ಇವತ್ತಿಗೂ ದಾರಿಯಲ್ಲಿ ಕಂಡರೆ ಕೊಡೆ ಅಡ್ಡ ಹಿಡಿಯುತ್ತಾಳೆ. ವಾರ್ಸಿನಿ ತಾನೇ ತಲೆ ತಗ್ಗಿಸಿ ದಾರಿ ಬಿಡುತ್ತಾಳೆ. ವಾರಕ್ಕೊಮ್ಮೆ ಬರುತ್ತಿದ್ದ ನೋವು ತಿಂಗಳಿಗೊಮ್ಮೆ, ಆಮೇಲೆ ಅಪರೂಪಕ್ಕೊಮ್ಮೆ ಬರುವಂತಾಯಿತು.

ಹಾಗೆ ಬಂದ ಒಂದು ಮಧ್ಯಾಹ್ನ ಮುಜಿಯೋ ಜಗಲಿಯ ಮೇಲೆ ಕಾಲು ಮುರಿದ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದ. ನೋಡುನೋಡುತ್ತಿದ್ದಂತೆ ಸುತ್ತಿಗೆಯೂ ಕೈಯೂ ಭುಜವೂ ಇಲ್ಲವಾದವು. ಟಕ್ ಟಕ್ ಎನ್ನುವ ಸದ್ದು ಮಾತ್ರ ಬರೀ ಗಾಳಿಯಿಂದ ಬರುತ್ತಿತ್ತು. ಮೆದುಳು ಮಂಕಾಗಿದೆ ಎಂದು ಅವಳಿಗೆ ಗೊತ್ತಿತ್ತು. ಡಾಕ್ಟರು ಹೇಳಿದ್ದು ಒಂದೊಂದು ಮಾತೂ ನೆನಪಿತ್ತು. ಮಾತ್ರೆ ನುಂಗಿದಳು. ಆದರೂ ಹೋಗಿ ಪಕ್ಕದಲ್ಲಿ ಕೂತು, ಗಾಳಿಯಲ್ಲಿ ತಡಕಾಡಿ, ಕಾಣದ ಆ ಕೈಯನ್ನು ಹಿಡಿದಳು. ಸುತ್ತಿಗೆಯ ಸದ್ದು ನಿಂತಿತು.

"ಏನೇ ಇದು, ಹಾಡಹಗಲಲ್ಲಿ? ನೆರೆಮನೆಯವ್ರು ನೋಡಿದ್ರೆ ಏನಂದ್ಕೊಂಡಾರು?"

"ಅಂದ್ಕೊಳ್ಲಿ ಬಿಡಿ. ಅಲ್ಲಾಡ್ಬೇಡಿ."

"ಎಷ್ಟು ಹೊತ್ತು?"

"ನೀವು ಪೂರ್ತಿ ಬರೋವರ್ಗೂ."

ಅವನು ಸುತ್ತಿಗೆ ಕೆಳಗಿಟ್ಟ. ಮಿನುಗುವ ಗೆರೆ ಅಂಗಳ ದಾಟಿ, ನೆರೆಮನೆಯ ಕೋಳಿಗಳ ಮೇಲೆ ಹಾದು, ಬೇಲಿಯಾಚೆಗೆ ಸರಿಯುತ್ತ ಹೋಯಿತು. ಅವಳು ಕೈ ಬಿಡಲಿಲ್ಲ.