ಸೆಲಿನ್ ಕೊಟ್ಟ ಕೋಳಿ

ಮೂರು ವರ್ಷದ ಹಿಂದಿನ ಅಕ್ಟೋಬರ್. ಯಲ್ಲಾಪುರದ ನಮ್ಮ ಚರ್ಚಿನಲ್ಲಿ ಅಂದು ಮಿಷನ್ ಭಾನುವಾರ. ಮಕ್ಕಳ ಸಂಘದ ಟೀಚರ್ ನಾನು. ಮಕ್ಕಳು ಮನೆಯಿಂದ ತಂದದ್ದನ್ನು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕಿ, ಬಂದ ಹಣವನ್ನು ಹೊರದೇಶದ ಮಿಷನ್ ಕೆಲಸಕ್ಕೆ ಕಳಿಸುವುದು ನಮ್ಮಲ್ಲಿ ರೂಢಿ. ಹಿಂದಿನ ವಾರ ನಾನು ಜೋರಾಗಿಯೇ ಭಾಷಣ ಬಿಗಿದಿದ್ದೆ: “ನೀವು ಕೊಟ್ಟಿದ್ದು ಆಫ್ರಿಕಾದ ಮಕ್ಕಳಿಗೆ ಹೋಗ್ತದೆ. ನಿಮಗೆ ತುಂಬಾ ಇಷ್ಟವಾದದ್ದನ್ನೇ ತನ್ನಿ.”

ಎರಡನೇ ಕ್ಲಾಸಿನ ಸೆಲಿನ್ ತಾನೇ ಸಾಕಿದ ಕೋಳಿಯನ್ನು ಬುಟ್ಟಿಯಲ್ಲಿ ತಂದಳು. ಕುಂಬಳಕಾಯಿ, ಬಾಳೆಗೊನೆಗಳ ನಡುವೆ ಅದಕ್ಕೇ ಭಾರೀ ಪೈಪೋಟಿ. ನಂದೊಳ್ಳಿಯ ಫ್ರಾನ್ಸಿಸಣ್ಣ ಪಟ್ಟು ಹಿಡಿದು ಕೂಗಿ ಗೆದ್ದರು. ಬುಟ್ಟಿಯನ್ನು ತಮ್ಮ ಪಿಕಪ್ ಗಾಡಿಯ ಹಿಂದೆ ಇಟ್ಟುಕೊಂಡು ಹೊರಟೂ ಹೋದರು.

ಚಹಾ ಹಂಚುವಾಗ ನೋಡಿದರೆ ಸೆಲಿನ್ ಇಲ್ಲ. ಚರ್ಚಿನೊಳಗೆ, ಹಿತ್ತಲಲ್ಲಿ, ಎಲ್ಲೂ ಇಲ್ಲ. ಅವಳ ತಾಯಿ ಮೇರಿಯಕ್ಕ ಬಾವಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಗೇಟಿನಾಚೆ ಹೆದ್ದಾರಿ, ಬಿಡುವಿಲ್ಲದ ಲಾರಿಗಳು.

“ಟೀಚರ್, ಅವ್ಳು ಆ ಪಿಕಪ್ ಹತ್ರ ನಿಂತಿದ್ಲು,” ಎಂದಳು ಅವಳ ಗೆಳತಿ.

ಫ್ರಾನ್ಸಿಸಣ್ಣನಿಗೆ ಫೋನ್ ಹತ್ತಲಿಲ್ಲ. ನಂದೊಳ್ಳಿ ದಾರಿಯಲ್ಲಿ ನೆಟ್‌ವರ್ಕ್ ಎಲ್ಲಿಯದು? ಮೇರಿಯಕ್ಕನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ. “ಬೇಗ ಹೋಗಿ ಟೀಚರ್,” ಎನ್ನುತ್ತಿದ್ದರು. ಮರುಕ್ಷಣವೇ, “ಬ್ಯಾಡ, ನಿಧಾನ ಹೋಗಿ. ಗಟಾರ ನೋಡ್ಬೇಕು.” ಗಾಡಿ ಹತ್ತಿದ ಮಗು ತಿರುವಿನಲ್ಲಿ ಎಲ್ಲಾದರೂ ಬಿದ್ದಿದ್ದರೆ? ನನಗೂ ಅದೇ ಯೋಚನೆ, ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಫ್ರಾನ್ಸಿಸಣ್ಣ ತಮ್ಮ ಮನೆಯೆದುರು ಗಾಡಿಯ ಹಿಂಬಾಗಿಲು ತೆಗೆದು ದಂಗಾಗಿ ನಿಂತಿದ್ದರು. ಒಳಗೆ ಗೋಣಿಚೀಲಗಳ ಸಂದಿಯಲ್ಲಿ ಸೆಲಿನ್, ಬುಟ್ಟಿ ತಬ್ಬಿಕೊಂಡು.

“ಇದು ಯಾವಾಗ ಹತ್ತಿತ್ತೋ, ನಂಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೆ!”

ಮೇರಿಯಕ್ಕ ಮಗಳನ್ನು ಎಳೆದು ಅಪ್ಪಿಕೊಂಡು ಗೋಳೋ ಎಂದು ಅತ್ತರು. ಅವಳು ಮಾತ್ರ ನನ್ನನ್ನೇ ನೋಡಿ ದೂರು ಹೇಳಿದಳು: “ಟೀಚರ್, ಇವ್ರು ಆಫ್ರಿಕಾಕ್ಕೆ ಕಳಿಸೂದು ಬಿಟ್ಟು ಮನೆಗೆ ತಗಂಡು ಬಂದ್ರು. ಅದ್ಕೇ ನಾ ಹಿಡ್ಕಂಡು ಕೂತ್ಕಂಡೆ.”

ಫ್ರಾನ್ಸಿಸಣ್ಣ ಬುಟ್ಟಿಯನ್ನು ಅವಳ ಕೈಗೇ ಕೊಟ್ಟರು. “ತಗ ಮಗಾ, ನೀನೇ ಇಟ್ಕ.”

“ಬ್ಯಾಡ. ನಾ ಕೊಟ್ಟಾಗಿದೆ,” ಎಂದು ಹಿಂದಕ್ಕೆ ತಳ್ಳಿದಳು. ಆಮೇಲೆ ಅಮ್ಮನ ಸೆರಗಿಗೆ ಮುಖ ಒತ್ತಿ ಬಿಕ್ಕಳಿಸತೊಡಗಿದಳು.

ಕೊಡುವುದೆಂದರೆ ಏನೆಂದು ವರ್ಷಗಟ್ಟಲೆ ಪಾಠ ಮಾಡಿದವಳು ನಾನು.

ಈಗ ಯಾವುದು ಎಲ್ಲಿಗೆ ಹೋಗುತ್ತದೆಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಆದರೂ ಹರಾಜು ಮುಗಿದ ಕೂಡಲೇ ಗೇಟಿನಲ್ಲಿ ನಿಂತು, ಹೊರಡುವ ಪ್ರತಿ ಗಾಡಿಯ ಹಿಂದೆ ಇಣುಕಿ ನೋಡುತ್ತೇನೆ. ಜನ ನಗುತ್ತಾರೆ. ನಗಲಿ.